ಪ್ರೇಯಸ್ಸಿನ ಹೆಜ್ಜೆ, ಶ್ರೇಯಸ್ಸಿನ ದಾರಿ

ವ್ಯಾಯಾಮವನ್ನು ಶುರು ಮಾಡಿದವರಲ್ಲಿ ಬಹಳ ಮಂದಿ ಅದನ್ನು ಕೆಲವೇ ತಿಂಗಳಲ್ಲಿ ಕೈಬಿಡುತ್ತಾರೆ. ತೂಕ ಇಳಿಯಲಿ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಎಂದು ಹೊರಟವರಿಗೆ ಫಲ ಕಾಣುವುದು ತಡವಾಗಿ. ಮೈಕೈ ನೋವು, ಬೇಸರ ಮೊದಲ ವಾರದಲ್ಲೇ ಬರುತ್ತವೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅಷ್ಟು ನಿಮಿಷಗಳನ್ನು ವರ್ಷಗಟ್ಟಲೆ ಬಿಡದೆ ಕೊಡುವ ಮನಸ್ಸು ಎಲ್ಲಿಂದ ಬರಬೇಕು? ತುಮಕೂರು ನಗರದ ಜಿಮ್‌ಗಳಲ್ಲಿ ನಡೆಯುವ ಜುಂಬಾ, ಏರೋಬಿಕ್ಸ್ ತರಗತಿಗಳ ಉತ್ತರ ಸರಳ: ಕುಣಿತದ ಖುಷಿಯಿಂದ.

ಈ ಉತ್ತರವನ್ನು ಒಪ್ಪುವ ಮೊದಲು ಕಠೋಪನಿಷತ್ತನ್ನು ಎದುರಿಸಬೇಕಾಗುತ್ತದೆ. ಅಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎನ್ನುತ್ತಾನೆ. ವಿವೇಕಿಯು ಹಿತವನ್ನು ಆರಿಸಿಕೊಂಡರೆ ಅವಿವೇಕಿಯು ಪ್ರಿಯವಾದದ್ದರ ಹಿಂದೆ ಹೋಗುತ್ತಾನೆ. ಹಾಗಾದರೆ ಸಿನಿಮಾ ಹಾಡಿನ ಆಸೆ ತೋರಿಸಿ ದೇಹವನ್ನು ದುಡಿಸುವುದು ಪ್ರೇಯಸ್ಸಿಗೆ ಶರಣಾದಂತೆಯೇ? ಹಾಗೆ ತಿಳಿಯಬೇಕಾಗಿಲ್ಲ. ಎರಡನ್ನೂ ಒಂದೇ ಎಂದು ಭ್ರಮಿಸುವುದರ ವಿರುದ್ಧ ಯಮನ ಎಚ್ಚರಿಕೆ ನಿಂತಿದೆ. ಹಿತವಾದದ್ದು ಕಹಿಯಾಗಿಯೇ ಇರಬೇಕೆಂಬ ಮಾತು ಆ ಉಪದೇಶದಲ್ಲಿಲ್ಲ.

ಕುಣಿತದ ತರಗತಿ ಮನಸ್ಸನ್ನು ಹಿಡಿಯುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶ್ರಮ ಮಧ್ಯಮವಾಗಿದ್ದಾಗ ತಾಳಬದ್ಧ ಸಂಗೀತ ಆಯಾಸದ ಅರಿವನ್ನು ತಗ್ಗಿಸುತ್ತದೆ. ಉಸಿರು ಕಟ್ಟುವಷ್ಟು ಶ್ರಮವಾದಾಗ ಆ ನೆರವು ಕುಗ್ಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರೇರಣೆ ಉಳಿಯುವುದಕ್ಕೆ ಬೇಕಾದ ಮೂರು ಆಸರೆಗಳನ್ನು ವಿವರಿಸಿದರು: ತಾನಾಗಿ ಆರಿಸಿಕೊಂಡೆನೆಂಬ ಭಾವ, ಕೈಲಾಗುತ್ತದೆಂಬ ಭಾವ, ಜೊತೆಯವರ ನಂಟು. ಮೊದಲ ದಿನ ಕಾಲಿಗೆ ಕಾಲು ತೊಡರಿದವರಿಗೆ ಎರಡು ವಾರದಲ್ಲಿ ಹೆಜ್ಜೆ ಕೂಡಿಬಂದರೆ ಎರಡನೆಯದು ಸಿಕ್ಕಂತೆ. ಒಂದು ದಿನ ತಪ್ಪಿಸಿಕೊಂಡರೆ ‘ನಿನ್ನೆ ಯಾಕ್ರೀ ಬರ್ಲಿಲ್ಲ?’ ಎಂದು ಪಕ್ಕದ ಸಾಲಿನವರು ಕೇಳುತ್ತಾರೆ. ಮೂರನೆಯದು ಇರುವುದು ಆ ಮಾತಿನಲ್ಲಿ. ಮನೆಗೆಲಸ, ಮಕ್ಕಳ ಶಾಲೆ, ಅತ್ತೆ ಮಾವಂದಿರ ಔಷಧಿಗಳ ನಡುವೆ ದಿನ ಕಳೆಯುವ ಹೆಂಗಸರಿಗೆ ತಮ್ಮದೇ ಆದ ಒಂದು ಗಂಟೆ ಸಿಗುವುದು ದೊಡ್ಡ ಸಂಗತಿ. ಕುಣಿತದ ತರಗತಿಯ ಬಗ್ಗೆ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತು ಬಹುಶಃ ಇದೇ. ಮೊದಲನೆಯ ಆಸರೆ ಮಾತ್ರ ಬೇಗ ಮುರಿಯುತ್ತದೆ. ಕನ್ನಡಿ ಮತ್ತು ತೂಕದ ಯಂತ್ರದ ಮುಂದೆ ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸುವ ಕಡೆ ನಾಚಿಕೆಯೇ ಒಡೆಯನಾಗುತ್ತದೆ, ನಾಚಿಕೆಯಿಂದ ಬಂದವರು ಅದರಿಂದಲೇ ಬಿಟ್ಟುಹೋಗುತ್ತಾರೆ.

ಜುಂಬಾ 1990ರ ದಶಕದಲ್ಲಿ ಕೊಲಂಬಿಯಾದಲ್ಲಿ ಹುಟ್ಟಿದ್ದು. ಸಾಲುಗೂಡಿ ಕುಣಿದು ಮೈಮರೆಯುವುದು ಈ ಸೀಮೆಗೆ ಅದಕ್ಕಿಂತ ಬಹಳ ಹಳೆಯದು. ತುಮಕೂರು ಜಿಲ್ಲೆಯ ಹಳ್ಳಿಗಳ ಜಾತ್ರೆಗಳಲ್ಲಿ ಗ್ರಾಮದೇವತೆಯ ಬಂಟನಾದ ಸೋಮನ ದೊಡ್ಡ ಮರದ ಮುಖವಾಡ ಹೊತ್ತು, ವಾದ್ಯಗಳ ಗತ್ತಿಗೆ ತಕ್ಕಂತೆ ಕುಣಿಯುವವರಿದ್ದಾರೆ. ಆ ಭಾರ ಹೊರಲು ಮೈಯಲ್ಲಿ ಕಸುವು ಬೇಕು, ಆದರೆ ಯಾರೂ ಕಸುವಿಗಾಗಿ ಸೋಮನನ್ನು ಹೊರುವುದಿಲ್ಲ. ದೇವರ ಸೇವೆ ಮೊದಲು, ದೇಹಕ್ಕೆ ಆದ ಲಾಭ ಅದರ ಹಿಂದೆ. ಫಲವನ್ನೇ ಗುರಿಯಾಗಿ ಹಿಡಿಯಬೇಡ ಎಂಬ ಗೀತೆಯ ಬೋಧೆಗೆ ಇಷ್ಟು ಹತ್ತಿರದ ನಿದರ್ಶನ ಸಿಗುವುದು ಅಪರೂಪ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ನಾಟಕ ಕಂಪನಿಯ ಕಲಾವಿದರನ್ನು ರಾತ್ರಿ ರಾತ್ರಿ ರಂಗಕ್ಕೆ ಕರೆದದ್ದರಲ್ಲಿ ಪ್ರೇಕ್ಷಕರ ಪಾಲೂ ಇತ್ತು. ಕುಣಿತದ ತರಗತಿಯಲ್ಲಿ ಪ್ರೇಕ್ಷಕರೇ ಇಲ್ಲ, ಎಲ್ಲರೂ ಕುಣಿಯುವವರೇ. ಆ ದೃಷ್ಟಿಯಿಂದ ಅದು ರಂಗಕ್ಕಿಂತ ಭಜನೆಗೆ ಸಮೀಪ.

ಆದರೂ ಖುಷಿಯೊಂದೇ ಸಾಲದು. ಅಭ್ಯಾಸ ಗಟ್ಟಿಯಾಗಲು ಅದು ದೀರ್ಘಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು ಎಂದು ಪತಂಜಲಿಯ ಯೋಗಸೂತ್ರ ಮೂರು ಷರತ್ತುಗಳನ್ನು ಇಡುತ್ತದೆ. ಕುಣಿತ ಮೂರನೆಯದರ ಬೀಜವನ್ನಷ್ಟೇ ಬಿತ್ತುತ್ತದೆ. ಮೂರೂ ಕೂಡಿದ ಅಭ್ಯಾಸಕ್ಕೆ ಜಿಲ್ಲೆಯಲ್ಲೇ ನಿದರ್ಶನಗಳಿವೆ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ಶಿವಯೋಗಕ್ಕೆ ಕುಳಿತಾಗ ಮೈಮೇಲೆ ಹುತ್ತ ಬೆಳೆಯಿತೆಂದು ಪರಂಪರೆ ಹೇಳುತ್ತದೆ. ಅವರ ಗದ್ದುಗೆ ಇರುವ ಎಡೆಯೂರಿಗೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ಅವರ ಆ ಶಿವಯೋಗದಲ್ಲಿ ತಾಳವೂ ಇಲ್ಲ, ಜೊತೆಯವರೂ ಇಲ್ಲ. ಇನ್ನು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಸಾಮೂಹಿಕ ಪ್ರಾರ್ಥನೆಗೆ ಕೂಡುತ್ತಾರೆ. 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದ ಆ ಮಠದ ಶಿವಕುಮಾರ ಸ್ವಾಮೀಜಿ ಕೊನೆಗಾಲದವರೆಗೂ ನಿತ್ಯನಿಯಮ ಪಾಲಿಸಿದವರು. ಒಬ್ಬರೇ ಕೂರುವ ನಿಷ್ಠೆಯೂ ಗುಂಪಿನ ನಿಷ್ಠೆಯೂ ಒಂದೇ ಜಿಲ್ಲೆಯಲ್ಲಿ ಪೂಜ್ಯವಾಗಿವೆ. ಹೆಚ್ಚಿನವರಿಗೆ ಗುಂಪೇ ಮೊದಲು ಬೇಕಾಗುವುದು, ಅದರಲ್ಲಿ ಕೀಳೇನೂ ಇಲ್ಲ.

ತರಗತಿ ಮುಚ್ಚಿದಾಗ, ಕಲಿಸುವವರು ಊರು ಬಿಟ್ಟಾಗ, ಮಕ್ಕಳ ಪರೀಕ್ಷೆ ಬಂದಾಗ ಈ ಪ್ರೇರಣೆಯ ನಿಜವಾದ ಬಲ ಗೊತ್ತಾಗುತ್ತದೆ. ದೇಹದ ಮೇಲೆ ಆದರ ಹುಟ್ಟಿದ್ದರೆ ಕುಣಿಯಲು ಬರುತ್ತಿದ್ದವರು ನಗರದ ಅಮಾನಿಕೆರೆಯ ದಾರಿಯಲ್ಲಿ ಒಬ್ಬರೇ ನಡೆದಾರು, ಮನೆಯಲ್ಲೇ ಹಾಡು ಹಾಕಿಕೊಂಡಾರು. ಹುಟ್ಟಿರದಿದ್ದರೆ ಹಾಡು ನಿಂತ ದಿನವೇ ವ್ಯಾಯಾಮವೂ ನಿಲ್ಲುತ್ತದೆ. ಆದ್ದರಿಂದ ಕಲಿಸುವವರು ಹೆಜ್ಜೆಯ ಜೊತೆಗೆ, ಹಾಡಿಲ್ಲದ ದಿನವೂ ಮೈಯನ್ನು ದುಡಿಸುವ ರೂಢಿಯನ್ನು ಶುರುವಿನಿಂದಲೇ ಹಚ್ಚಬೇಕು. ಇಂಥ ತರಗತಿ ಹತ್ತಿರ ಇಲ್ಲದ ಹಳ್ಳಿಗಳಲ್ಲಿ ಕೋಲಾಟಕ್ಕೂ ಇದೇ ಕೆಲಸ ಸಾಧ್ಯ. ಅದಕ್ಕೆ ಬೇಕಾದದ್ದು ಒಬ್ಬೊಬ್ಬರಿಗೆ ಒಂದು ಜೊತೆ ಕೋಲು ಮತ್ತು ಸಂಜೆ ಕೂಡುವ ನಾಲ್ಕಾರು ಜನ.