ಕಲ್ಲಿನ ಜಾಹೀರಾತು

ಕೊಟ್ಟದ್ದನ್ನು ಸಾರಿಕೊಂಡರೆ ಪುಣ್ಯ ಕರಗುತ್ತದೆ ಎನ್ನುತ್ತೇವೆ. ಹಾಗಾದರೆ ಸವದತ್ತಿ ತಾಲ್ಲೂಕಿನ ಹೂಲಿಯ ದಾನಶಾಸನಗಳನ್ನು ಏನೆನ್ನಬೇಕು? ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಪೂಲಿ ಎನಿಸಿಕೊಂಡಿದ್ದ ಅಗ್ರಹಾರವಿದು. ಆ ಕಾಲದ ದಾನಶಾಸನವೆಂದರೆ ಅಚ್ಚುಕಟ್ಟಾದ ಪ್ರಚಾರ: ಓದು ಬಾರದವರಿಗಾಗಿ ನೆತ್ತಿಯಲ್ಲಿ ಲಿಂಗ, ಹಸು-ಕರು, ಸೂರ್ಯ-ಚಂದ್ರ, ಕೆಳಗೆ ದಾನಿಯ ಹೊಗಳಿಕೆ. ಈಗಿನ ಡಿಸೈನರ್‌ಗಳೂ ಮೊದಲು ಚಿತ್ರವನ್ನೇ ಇಡುತ್ತಾರೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಆಗಲೂ ಇತ್ತು, ನಿಜ. ಆದರೆ ಶಾಸನ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಎಷ್ಟು ಮತ್ತರು ಭೂಮಿ, ಯಾವ ಗಳೆಯ ಅಳತೆ, ಮೂಡಣಕ್ಕೆ ಯಾವ ಹಳ್ಳ, ತಪ್ಪಿದವರಿಗೆ ಯಾವ ಪಾಪ ಎಂದೂ ಕೊರೆಯುತ್ತಿತ್ತು. ಸಾರಿದ ಮಾತು ಸಾರಿದವನನ್ನೇ ಕಟ್ಟಿಹಾಕುತ್ತಿತ್ತು. ಮೊಬೈಲಿನ ಜಾಹೀರಾತು ಹೊಗಳಿಕೆಯನ್ನಷ್ಟೇ ಉಳಿಸಿಕೊಂಡು ಗಡಿಕಲ್ಲನ್ನು ಬಿಟ್ಟಿತು. ಇನ್‌ಸ್ಟಾಗ್ರಾಂ ಸ್ಟೋರಿಯಂತೂ 24 ಗಂಟೆಗೆ ಮಾಯ.

ಬಸವಣ್ಣ ವಚನಕ್ಕೆ ತನ್ನ ಹೆಸರಿಡದೆ ಕೂಡಲಸಂಗಮದೇವನ ಅಂಕಿತವಿಟ್ಟನಲ್ಲ, ಮೌನವೇ ಲೇಸಲ್ಲವೇ ಎಂದು ಕೇಳಬಹುದು. ಭಕ್ತಿಗೆ ಆ ಮಾತು ಒಪ್ಪುತ್ತದೆ, ವ್ಯಾಪಾರಕ್ಕೆ ಒಪ್ಪದು. ಹೆಸರು ಮರೆಸಿದ ಭಕ್ತ ಯಾರಿಗೂ ಬಾಕಿಯಿಲ್ಲ. ಹೆಸರು ಮರೆಸಿದ ಅಂಗಡಿಯವನನ್ನು ಹಾಳು ಬೀಜ ಕೊಂಡ ರೈತ ಎಲ್ಲಿ ಹಿಡಿಯಬೇಕು? ಸಾರುವುದು ಅಧರ್ಮವಲ್ಲ, ಹೊಣೆ ಬಿಟ್ಟು ಸಾರುವುದು ಅಧರ್ಮ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ತಯಾರಕನಿಗಷ್ಟೇ ಅಲ್ಲ, ಮುಖ ತೋರಿಸಿ ಹೊಗಳಿದವನಿಗೂ. ಶಾಸನದ ಕೊನೆಯ ಶಾಪವಾಕ್ಯ ಹೀಗೆ ರೂಪಾಯಿಯ ಲೆಕ್ಕದಲ್ಲಿ ಮರಳಿ ಬಂದಿದೆ.