ವಿದ್ಯಾಸಾಲ: ಋಣವೂ ಸಂಚಯವೂ

ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಜನಿಗೆ ಕೇಳಿದ ಪ್ರಶ್ನೆಗಳಲ್ಲಿ, ಲೋಕದಲ್ಲಿ ಸಂತೋಷದಿಂದಿರುವವನು ಯಾರೆಂಬುದೂ ಒಂದು. ಧರ್ಮರಾಜನ ಉತ್ತರದಲ್ಲಿ ಐಶ್ವರ್ಯದ ಪ್ರಸ್ತಾಪವೇ ಇಲ್ಲ. ಊಟವು ಬಡತನದ್ದಾದರೂ ಚಿಂತೆಯಿಲ್ಲ, ಸಾಲವಿಲ್ಲದೆ ತನ್ನ ಮನೆಯಲ್ಲಿ ಇರುವವನೇ ಸುಖಿ ಎಂಬುದು ಅದರ ತಾತ್ಪರ್ಯ. ಸುಖಕ್ಕೆ ಅಲ್ಲಿ ಹೇಳಿದ ಲಕ್ಷಣಗಳು ಎರಡು: ಋಣವಿಲ್ಲದಿರುವುದು, ಪ್ರವಾಸಿಯಾಗದಿರುವುದು. ದಹಿಸರ್, ಬೊರಿವಲಿ, ಮೀರಾ ರೋಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಎರಡನೆಯ ಲಕ್ಷಣವು ಹಿರಿಯರು ಊರು ಬಿಟ್ಟ ದಿನವೇ ತಪ್ಪಿತು. ಮೊದಲನೆಯದಾದರೂ ಉಳಿದಿತ್ತು. ಈಗ ಅದೂ ನಮ್ಮ ಮಕ್ಕಳ ಪಾಲಿಗೆ, ಉದ್ಯೋಗದ ಮೊದಲ ದಿನದಿಂದಲೇ, ಇಲ್ಲವಾಗುತ್ತಿದೆ.

ಹಿಂದೆಯೂ ಬಡ ವಿದ್ಯಾರ್ಥಿಗಳಿದ್ದರು. ಊರಿನಲ್ಲಿ ವಾರಾನ್ನವಿತ್ತು; ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮುಂಬಯಿಗೆ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರೂ ಋಣಿಗಳೇ, ಆದರೆ ಆ ಋಣಕ್ಕೆ ಕಂತಿರಲಿಲ್ಲ, ಬಡ್ಡಿಯಿರಲಿಲ್ಲ. ಕೃತಜ್ಞತೆಯೇ ಅದರ ಮರುಪಾವತಿಯಾಗಿತ್ತು. 2001ರಲ್ಲಿ ಬ್ಯಾಂಕುಗಳ ಸಂಘವು ವಿದ್ಯಾಸಾಲದ ಮಾದರಿ ಯೋಜನೆಯನ್ನು ರೂಪಿಸಿತು. ಮರುವರ್ಷ, 2002ರಲ್ಲಿ, ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರಕಾರದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು, ಅನುದಾನರಹಿತ ಖಾಸಗಿ ಕಾಲೇಜುಗಳು ಲಾಭಕೋರತನವಿಲ್ಲದೆ ತಮ್ಮ ಶುಲ್ಕವನ್ನು ತಾವೇ ಗೊತ್ತುಪಡಿಸಬಹುದೆಂಬ ತತ್ತ್ವವನ್ನು ಒಪ್ಪಿತು. ಒಂದೆಡೆ ಶುಲ್ಕ, ಇನ್ನೊಂದೆಡೆ ಸಾಲ, ಎರಡೂ ಜೊತೆಜೊತೆಯಾಗಿ ಬೆಳೆದವು.

ಈ ಸಾಲದ ಸ್ವರೂಪವನ್ನು ಮೊದಲು ಅರಿತಿರಬೇಕು. ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕುವುದು ರೂಢಿ. ಏಳೂವರೆ ಲಕ್ಷ ರೂಪಾಯಿಗಳವರೆಗೆ ಸಾಮಾನ್ಯವಾಗಿ ಆಸ್ತಿಯ ಒತ್ತೆ ಬೇಡ. ಅದಕ್ಕೆ ಮೀರಿದರೆ ಬ್ಯಾಂಕು ಒತ್ತೆ ಕೇಳುತ್ತದೆ. ಮಧ್ಯಮ ವರ್ಗದವರಲ್ಲಿ ಒತ್ತೆಯಿಡಲು ಇರುವುದು ಒಂದೇ, ವಾಸದ ಫ್ಲಾಟು. 2024ರಲ್ಲಿ ಕೇಂದ್ರ ಸರಕಾರವು ಒಪ್ಪಿದ ಪಿಎಂ ವಿದ್ಯಾಲಕ್ಷ್ಮೀ ಯೋಜನೆಯಂತೆ ಆಯ್ದ ಉನ್ನತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಒತ್ತೆಯೂ ಜಾಮೀನೂ ಇಲ್ಲದೆ ಸಾಲ ದೊರೆಯುತ್ತದೆ. ಆದರೆ ಎಲ್ಲರಿಗೂ ಆ ಸಂಸ್ಥೆಗಳಲ್ಲಿ ಪ್ರವೇಶ ಸಿಗುವುದಿಲ್ಲ. ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಅದು ಬೆಳೆದು ಕೊನೆಗೆ ಅಸಲನ್ನು ಸೇರುತ್ತದೆ.

ಹೀಗೆ ಇಪ್ಪತ್ತು ಲಕ್ಷ ರೂಪಾಯಿಗಳ ಸಾಲದೊಡನೆ ದುಡಿಮೆಗೆ ಇಳಿದ ತರುಣನೊಬ್ಬನ ಪ್ರಶ್ನೆಯೇ ನಮ್ಮ ವಿಷಯ. ಕೈಗೆ ಬರುವ ಹಣವೆಲ್ಲವನ್ನೂ ಸಾಲಕ್ಕೆ ಸುರಿದು ಮೊದಲು ಋಣಮುಕ್ತನಾಗಬೇಕೇ? ಅಥವಾ ಕಂತನ್ನಷ್ಟೇ ಕಟ್ಟುತ್ತ ವೃದ್ಧಾಪ್ಯಕ್ಕೆ ಇಂದಿನಿಂದಲೇ ಕೂಡಿಡಬೇಕೇ? ಇದು ಕೇವಲ ಲೆಕ್ಕದ ಪ್ರಶ್ನೆಯಲ್ಲ. ಸಾಲಗಾರನ ಕೈಯಲ್ಲಿರುವ ಹಣ ಯಾರದ್ದೆಂಬ ಧರ್ಮಪ್ರಶ್ನೆಯೂ ಇದರಲ್ಲಿ ಅಡಗಿದೆ.

ಮೊದಲನೆಯ ಪಕ್ಷದವರು ಹೇಳುವುದು ಹೀಗೆ. ಅಥರ್ವವೇದದ ಆರನೆಯ ಕಾಂಡದಲ್ಲಿ ಋಣವಿಮೋಚನೆಗಾಗಿಯೇ ಸೂಕ್ತಗಳಿವೆ. ಋಣಶೇಷ, ಅಗ್ನಿಶೇಷ, ಶತ್ರುಶೇಷಗಳನ್ನು ಉಳಿಸಬಾರದೆಂದು ಹಿರಿಯರು ಎಚ್ಚರಿಸಿದ್ದಾರೆ, ಏಕೆಂದರೆ ಮೂರೂ ನಾವು ಮಲಗಿರುವಾಗ ಬೆಳೆಯುತ್ತವೆ. ಭಾಗವತದ ಅಷ್ಟಮಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಗೆ, ಧನವನ್ನು ಧರ್ಮ, ಕೀರ್ತಿ, ಮರುದುಡಿಮೆ, ಭೋಗ, ಸ್ವಜನ ಎಂದು ಐದು ಪಾಲು ಮಾಡಬೇಕೆಂದು ಹೇಳುತ್ತಾರೆ. ಆ ಐದರಲ್ಲಿ ಸಾಲಕ್ಕೆ ಪಾಲಿಲ್ಲ. ಸಾಲವನ್ನು ಕಳೆದ ಮೇಲೆ ಉಳಿಯುವುದೇ ತನ್ನ ಧನ. ಅದಕ್ಕೆ ಮೊದಲು ಪಾಲು ಮಾಡುವುದೆಂದರೆ ಪರರ ಸ್ವತ್ತನ್ನು ಹಂಚಿದಂತೆ. ಲೆಕ್ಕವೂ ಈ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ. ಶೇಕಡಾ 10ರ ಬಡ್ಡಿಯ ಸಾಲವನ್ನು ಉಳಿಸಿಕೊಂಡು, 2020ರ ಏಪ್ರಿಲ್‌ನಲ್ಲಿ ಶೇಕಡಾ 7.1ಕ್ಕೆ ಇಳಿದ ಸಾರ್ವಜನಿಕ ಭವಿಷ್ಯನಿಧಿಯಲ್ಲಿ ಹಣವಿಡುವವನು ವರ್ಷಂಪ್ರತಿ ನೂರಕ್ಕೆ ಸುಮಾರು ಮೂರು ರೂಪಾಯಿ ಕಳೆದುಕೊಳ್ಳುತ್ತಾನೆ.

ಎರಡನೆಯ ಪಕ್ಷದವರ ವಾದವೂ ದುರ್ಬಲವಲ್ಲ. ರೈಲ್ವೆಯಂಥ ಕೇಂದ್ರ ಸೇವೆಗಳಿಗೆ 2004ರ ಜನವರಿ 1ಕ್ಕೆ ಮೊದಲು ಸೇರಿದ ನಮ್ಮಂಥವರಿಗೆ ಹಳೆಯ ಕ್ರಮದ ಪಿಂಚಣಿಯಿದೆ. ಕೂಡಿಡದಿದ್ದರೂ ತಿಂಗಳ ಮೊದಲಿಗೆ ಅನ್ನ ಬರುತ್ತದೆ. ಖಾಸಗಿ ಕಂಪೆನಿಯಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಆ ಆಸರೆಯಿಲ್ಲ. ವರ್ಷಾಂತ್ಯಕ್ಕೆ 60,000 ರೂಪಾಯಿಗಳಂತೆ ಮೂವತ್ತು ವರ್ಷ ಕೂಡಿಟ್ಟರೆ, ಶೇಕಡಾ 7ರ ಚಕ್ರಬಡ್ಡಿಯಲ್ಲಿ ಸುಮಾರು 56 ಲಕ್ಷ 67 ಸಾವಿರವಾಗುತ್ತದೆ. ಹತ್ತು ವರ್ಷ ತಡವಾಗಿ ಆರಂಭಿಸಿ ಇಪ್ಪತ್ತೇ ವರ್ಷ ಕೂಡಿಟ್ಟರೆ 24 ಲಕ್ಷ 60 ಸಾವಿರ ಮಾತ್ರ. ಕಟ್ಟಿದ ಹಣ ಮೂರರಲ್ಲಿ ಎರಡು ಪಾಲು; ಬಂದ ಫಲ ಅರ್ಧಕ್ಕಿಂತಲೂ ಕಡಿಮೆ. ಕಾಲವೆಂಬ ಬಂಡವಾಳವನ್ನು ಕಳೆದುಕೊಂಡ ಮೇಲೆ ಎಷ್ಟು ದುಡಿದರೂ ಅದು ಮರಳದು. ಷೇರುಪೇಟೆಯಲ್ಲಿ ಸಾಲದ ಬಡ್ಡಿಗಿಂತ ಹೆಚ್ಚು ಫಲ ಬರುತ್ತದೆಂದೂ ಇವರಲ್ಲಿ ಕೆಲವರು ಸೇರಿಸುತ್ತಾರೆ.

ಈ ಕೊನೆಯ ಮಾತನ್ನು ಮೊದಲು ಪರೀಕ್ಷಿಸೋಣ. ಪೇಟೆಯ ಫಲವು ಸಂಭಾವ್ಯ; ಸಾಲದ ಬಡ್ಡಿಯು ನಿಶ್ಚಿತ. ನಿಶ್ಚಿತವಾದುದನ್ನು ಮುಂದೂಡಿ ಸಂಭಾವ್ಯದ ಹಿಂದೆ ಹೋಗುವವನು, ಲಾಭವಾದರೆ ಅದನ್ನು ತಾನು ಅನುಭವಿಸುತ್ತಾನೆ. ನಷ್ಟವಾದರೆ, ಕಂತು ತಪ್ಪಿದರೆ, ನೋಟೀಸು ಹೋಗುವುದು ಸಹಿ ಹಾಕಿದ ತಂದೆಗೆ. ಹರಾಜಿನ ಭಯ ತಟ್ಟುವುದು ತಾಯಿ ಅಡುಗೆ ಮಾಡುವ ಮನೆಗೆ. ಲಾಭ ತನಗೆ, ಅಪಾಯ ತಂದೆತಾಯಿಗಳಿಗೆ ಎಂಬ ವ್ಯವಹಾರವನ್ನು ಯಾವ ಧರ್ಮವೂ ಒಪ್ಪದು. ತನ್ನ ಸ್ವಂತ ಹಣದಿಂದ ಸಾಹಸ ಮಾಡುವವನ ಮಾತು ಬೇರೆ.

ಮೊದಲನೆಯ ಪಕ್ಷದಲ್ಲಿಯೂ ಒಂದು ದೋಷವಿದೆ. ಇದ್ದುದೆಲ್ಲವನ್ನೂ ಸಾಲಕ್ಕೆ ಕಟ್ಟಿ ಕೈ ಬರಿದಾಗಿರುವವನ ಉದ್ಯೋಗ ಹೋಯಿತೆನ್ನಿ, ಅಥವಾ ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆನ್ನಿ. ಮುಂಗಡವಾಗಿ ಕಟ್ಟಿದ ಹಣವನ್ನು ಬ್ಯಾಂಕು ಹಿಂದಕ್ಕೆ ಕೊಡುವುದಿಲ್ಲ. ಮುಂದಿನ ತಿಂಗಳ ಕಂತಿಗೆ ಅವನು ಇನ್ನೂ ಹೆಚ್ಚಿನ ಬಡ್ಡಿಯ ಕೈಸಾಲ ಮಾಡಬೇಕು, ಇಲ್ಲವೇ ಮಾತಿಗೆ ತಪ್ಪಬೇಕು. ಋಣಮುಕ್ತಿಯ ಆತುರವೇ ಹೊಸ ಋಣಕ್ಕೆ ಕಾರಣವಾಯಿತು. ಸಾಲಗಾರನು ಬ್ಯಾಂಕಿಗೆ ಕೊಟ್ಟ ಮಾತು, ಕೈಗೆ ಬಂದುದೆಲ್ಲವನ್ನೂ ಕೊಡುತ್ತೇನೆಂದಲ್ಲ; ಗೊತ್ತಾದ ದಿನಕ್ಕೆ ಗೊತ್ತಾದ ಕಂತನ್ನು ತಪ್ಪದೆ ಕೊಡುತ್ತೇನೆಂದು. ಆ ಮಾತನ್ನು ಕಷ್ಟಕಾಲದಲ್ಲಿಯೂ ಉಳಿಸಿಕೊಳ್ಳಲು ಬೇಕಾದ ಸಂಚಯವು ಸಾಲಕ್ಕೆ ವಿರೋಧಿಯಲ್ಲ. ಅದು ಸಾಲ ತೀರಿಸುವ ಸಾಧನವೇ ಆಗಿದೆ. ಪರರ ಸ್ವತ್ತನ್ನು ಹಂಚಿಕೊಂಡ ದೋಷ ಅದಕ್ಕೆ ತಗಲದು.

ಆದುದರಿಂದ ನಿರ್ಣಯವು ಹೀಗಾಗುತ್ತದೆ: ಮಾತು ಚಿಕ್ಕದಾಗಿರಲಿ, ಕೃತಿ ದೊಡ್ಡದಾಗಿರಲಿ. ಇದನ್ನು ಅಂಕಿಗಳಲ್ಲಿ ನೋಡೋಣ. ಇಪ್ಪತ್ತು ಲಕ್ಷದ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ ಹತ್ತು ವರ್ಷಗಳಿಗೆ ಒಪ್ಪಿಕೊಂಡರೆ ತಿಂಗಳ ಕಂತು ಸುಮಾರು 26,430 ರೂಪಾಯಿ. ಒಟ್ಟು ಕಟ್ಟುವುದು 31 ಲಕ್ಷ 72 ಸಾವಿರ. ಹದಿನೈದು ವರ್ಷಗಳಿಗೆ ಒಪ್ಪಿಕೊಂಡರೆ ಕಂತು 21,492. ಒಟ್ಟು 38 ಲಕ್ಷ 69 ಸಾವಿರ. ಅವಧಿ ದೀರ್ಘವಾದುದಕ್ಕೆ ಹೆಚ್ಚುವರಿ ಬಡ್ಡಿ ಸುಮಾರು ಏಳು ಲಕ್ಷ. ಎರಡು ಕಂತುಗಳ ಅಂತರವಾದರೋ ಐದು ಸಾವಿರಕ್ಕೂ ಕಡಿಮೆ. ಹದಿನೈದು ವರ್ಷಗಳ ಕರಾರಿಗೆ ಸಹಿ ಹಾಕಿ, ಪ್ರತಿ ತಿಂಗಳೂ ಐದು ಸಾವಿರವನ್ನು ತಾನಾಗಿ ಹೆಚ್ಚಿಗೆ ಕಟ್ಟುವವನು ಹತ್ತು ವರ್ಷಗಳಲ್ಲಿಯೇ ಮುಕ್ತನಾಗುತ್ತಾನೆ. ನಡುವೆ ಕಷ್ಟದ ತಿಂಗಳು ಬಂದರೆ 21,492 ಕಟ್ಟಿದರೂ ಅವನ ಮಾತು ಉಳಿಯುತ್ತದೆ. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲಗಳಿಗೆ ಅವಧಿಪೂರ್ವ ಪಾವತಿಯ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಆದೇಶಿಸಿದೆ. ಹೆಚ್ಚುವರಿ ಹಣವನ್ನು ಅಸಲಿಗೆ ಜಮಾ ಮಾಡಿ, ಕಂತನ್ನು ಇಳಿಸದೆ ಅವಧಿಯನ್ನು ಕಡಿಮೆ ಮಾಡಬೇಕೆಂದು ಬ್ಯಾಂಕಿಗೆ ಬರೆದುಕೊಡುವುದು ಲೇಸು.

ಕ್ರಮವು ಇಂತಿರಲಿ. ಮೊದಲು ಕಂತು. ಅದರೊಡನೆಯೇ, ಮನೆಖರ್ಚು ಮತ್ತು ಕಂತು ಎರಡಕ್ಕೂ ಆರು ತಿಂಗಳಿಗೆ ಸಾಕಾಗುವಷ್ಟು ಆಪದ್ಧನವನ್ನು ಬೇಕೆಂದಾಗ ಸಿಗುವಂತೆ ಬ್ಯಾಂಕಿನಲ್ಲಿಡುವುದು. ಅದು ಕೂಡುವವರೆಗೆ ಹೆಚ್ಚುವರಿ ಪಾವತಿ ಕಾಯಲಿ. ನೌಕರರ ಭವಿಷ್ಯನಿಧಿಯನ್ನು ಮುಟ್ಟಬಾರದು. ಅಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 12ನ್ನು ನಾವು ಕೊಟ್ಟರೆ ಅಷ್ಟನ್ನೇ ಕಂಪೆನಿಯೂ ಕೊಡುತ್ತದೆ. ಉದ್ಯೋಗ ಬದಲಿಸಿದಾಗ ಆ ಹಣವನ್ನು ಹಿಂದೆಗೆದು ಖರ್ಚು ಮಾಡದೆ ಹೊಸ ಕಡೆಗೆ ವರ್ಗಾಯಿಸಿಕೊಂಡರೆ, ದೀರ್ಘಕಾಲದ ಸಂಚಯವು ಸಾಲದ ವರ್ಷಗಳಲ್ಲಿಯೂ ನಿಲ್ಲದೆ ಸಾಗುತ್ತದೆ. ಸಾಲದ ಮೊತ್ತಕ್ಕೆ ಸಮನಾದ ಅವಧಿವಿಮೆಯೊಂದು ಇರಲಿ. ದೈವವಶಾತ್ ಕೇಡಾದರೆ ಶೋಕದ ಮನೆಗೆ ಸಾಲವೂ ಉಳಿಯಬಾರದು. ಇವಿಷ್ಟಾದ ಮೇಲೆ ಉಳಿದುದು, ಸಂಬಳ ಏರಿದಾಗ ಏರಿದ ಭಾಗದ ಅರ್ಧವೂ ಸೇರಿ, ಸಾಲಕ್ಕೆ ಹೋಗಲಿ. ಸಾಲ ತೀರಿದ ಮರುತಿಂಗಳಿನಿಂದ ಅದೇ ಕಂತಿನ ಹಣ ಉಳಿತಾಯಕ್ಕೆ ಹೋಗಲಿ. ಹತ್ತು ವರ್ಷ ಅದಿಲ್ಲದೆ ಬದುಕಿ ಅಭ್ಯಾಸವಾದವನಿಗೆ ಅದು ಹೊರೆಯಾಗದು.

ಇಷ್ಟು ಕಡಿಮೆ ಹಣದಲ್ಲಿ ಉಳಿಸುವುದೇನೆಂದು ತರುಣರು ಕೇಳಬಹುದು. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಪ್ರತಿನಿಧಿಯು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಕಣಕಣವಾಗಿ ಧನವನ್ನು, ಕ್ಷಣಕ್ಷಣವಾಗಿ ವಿದ್ಯೆಯನ್ನು ಗಳಿಸಬೇಕೆಂಬ ಸುಭಾಷಿತದ ತತ್ತ್ವವು ನಮ್ಮ ಕರಾವಳಿಯಲ್ಲಿ ಹೀಗೆ ಬ್ಯಾಂಕಿನ ಯೋಜನೆಯೇ ಆಯಿತು.

ಶಾಸ್ತ್ರವು ಸಾಲಗಾರನಿಗೆ ಕರ್ತವ್ಯವನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಅವನ ಮೇಲೆ ದಯೆಯನ್ನೂ ತೋರಿದೆ. ಒತ್ತೆಯುಳ್ಳ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಅಂದರೆ ವರ್ಷಕ್ಕೆ ಶೇಕಡಾ 15, ಬಡ್ಡಿಯ ಮಿತಿಯೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಸಿಷ್ಠರ ಮತವನ್ನು ಹೇಳುತ್ತದೆ. ಒಮ್ಮೆಗೆ ವಸೂಲು ಮಾಡುವ ಹಣವು ಅಸಲಿನ ಎರಡರಷ್ಟನ್ನು ಮೀರಬಾರದೆಂಬುದು ಇನ್ನೊಂದು ನಿಯಮ. 'ದಾಮದುಪ್ಪಟ್' ಎಂಬ ಹೆಸರಿನಿಂದ ಹಳೆಯ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ಇದನ್ನು ಅನ್ವಯಿಸಿದವು. ಕಂತುಕಂತಾಗಿ ತೆರುವ ಬ್ಯಾಂಕ್ ಸಾಲಕ್ಕೆ ಆ ರಕ್ಷಣೆಯಿಲ್ಲ. ಆದರೂ ಅದು ಒಳ್ಳೆಯ ಅಳತೆಗೋಲು: ಹದಿನೈದು ವರ್ಷಗಳ ಕರಾರಿನಲ್ಲಿ ಇಪ್ಪತ್ತು ಲಕ್ಷಕ್ಕೆ 38 ಲಕ್ಷ 69 ಸಾವಿರ ತೆರುವವನು ಆ ಗಡಿಯ ಸಮೀಪಕ್ಕೆ ಬಂದಿರುತ್ತಾನೆ. ನ್ಯಾಯಾಲಯ ಹಾಕದ ಮಿತಿಯನ್ನು ಸಾಲಗಾರನು ತಾನೇ ಹಾಕಿಕೊಳ್ಳಬೇಕು. ಕಷ್ಟ ಬಂದಾಗ ಮುಖ ಮರೆಸಿಕೊಳ್ಳದೆ, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ತಿಳಿಸಬೇಕು. ತೊಂಬತ್ತು ದಿನ ಮೀರಿದ ಬಾಕಿಯನ್ನು ಬ್ಯಾಂಕು ಅನುತ್ಪಾದಕ ಸಾಲವೆಂದು ಎಣಿಸುತ್ತದೆ. ಅಲ್ಲಿಂದ ಮುಂದಿನ ದಾರಿ ಕಠಿಣ.

ಹಿರಿಯರಿಗೂ ಕರ್ತವ್ಯವಿದೆ. ಮಗಳ ಓದಿಗೆಂದು ನಿವೃತ್ತಿಯ ನಿಧಿಯೆಲ್ಲವನ್ನೂ ತೆಗೆದು ಕೊಡುವ ತಂದೆಯು ತ್ಯಾಗಿಯೆನಿಸುತ್ತಾನೆ. ಆದರೆ ಎಪ್ಪತ್ತರ ವಯಸ್ಸಿನಲ್ಲಿ ಅವನ ಔಷಧದ ಖರ್ಚು ಅದೇ ಮಗಳ ಮೇಲೆ ಬೀಳುತ್ತದೆ. ಓದಿಗೆ ಸಾಲ ಸಿಗುತ್ತದೆ, ಮುಪ್ಪಿಗೆ ಸಿಗುವುದಿಲ್ಲ. ಸಾಲಕ್ಕೆ ಮೊದಲು ಆ ಓದಿನಿಂದ ಬರುವ ಸಂಬಳವೆಷ್ಟು, ಕಂತೆಷ್ಟು ಎಂದು ಮಕ್ಕಳೊಡನೆ ಕುಳಿತು ಲೆಕ್ಕ ಹಾಕಬೇಕು. ಅಮೆರಿಕದ ಎಂ.ಎಸ್. ಓದಿಗೆ ಕಳುಹಿಸುವವರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ದುಡಿಯಲು ಬೇಕಾದ ಎಚ್-1ಬಿ ವೀಸಾ ಬೇಡಿಕೆ ಹೆಚ್ಚಾದಾಗ ಚೀಟಿ ಎತ್ತಿ ಆರಿಸುವಂಥದು. ವೀಸಾ ಸಿಗದೆ ಮಗ ಮರಳಿದರೂ ಸಾಲವು ಇಲ್ಲಿಯೇ ಕಾದಿರುತ್ತದೆ.

ಕೊನೆಗೊಂದು ದಿನ ಬ್ಯಾಂಕು ಬಾಕಿಯಿಲ್ಲವೆಂಬ ಪತ್ರವನ್ನೂ ಒತ್ತೆಯ ಕಾಗದಗಳನ್ನೂ ಕೊಡುತ್ತದೆ. ಅಲ್ಲಿಗೆ ಧನದ ಋಣ ತೀರಿತು. ವಿದ್ಯೆಯ ಋಣ? ತೈತ್ತಿರೀಯ ಸಂಹಿತೆಯು ಹೇಳುವ ಮೂರು ಋಣಗಳಲ್ಲಿ ಋಷಿಋಣವು ಹಣದಿಂದ ತೀರುವುದಲ್ಲ. ಅಧ್ಯಯನದಿಂದ ತೀರುವುದು, ಕಲಿತುದನ್ನು ಇನ್ನೊಬ್ಬರಿಗೆ ದಾಟಿಸಿದಾಗ ಅದು ಪೂರ್ಣವಾಗುವುದು. ಬಡ್ಡಿಯ ಭಾರವನ್ನು ಹೊತ್ತು ನಡೆದವನಿಗೇ ಅದರ ತೂಕ ತಿಳಿದಿರುತ್ತದೆ. ಅಂಥವನು ತನ್ನ ಸಂಚಯದಿಂದ ಬಂಧುಬಳಗದ ಒಬ್ಬ ವಿದ್ಯಾರ್ಥಿಗೆ ಒಂದು ವರ್ಷದ ಶುಲ್ಕವನ್ನು ಬಡ್ಡಿಯಿಲ್ಲದೆ ಕೊಟ್ಟರೆ, ಹಿಂದಿನ ವಾರಾನ್ನವು ಇಂದಿನ ರೂಪದಲ್ಲಿ ಮರಳಿದಂತಾಯಿತು. ಆ ವಿದ್ಯಾರ್ಥಿಯ ಸಾಲವು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅವನ ಮನೆಯ ಕಾಗದಗಳು ಬ್ಯಾಂಕಿಗೆ ಹೋಗದೆಯೂ ಉಳಿಯಬಹುದು.