ಮೂರನೆಯ ಸಲ ಕೂಗುವ ಮುನ್ನ

ಸುಗ್ಗಿ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ನಡೆಯುವ ಸವಾಲನ್ನು ನೀವು ನೋಡಿಯೇ ಇರುತ್ತೀರಿ. ಬಲಿಪೂಜೆ ಮುಗಿದ ಮೇಲೆ ಯಾರೋ ಒಬ್ಬರು ಕಾಣಿಕೆಯ ಕುಂಬಳಕಾಯಿಯನ್ನು ತಲೆಯ ಮೇಲೆತ್ತಿ ಹಿಡಿಯುತ್ತಾರೆ. 50 ರೂಪಾಯಿಗೆ ಶುರುವಾದ ಕೂಗು 500ಕ್ಕೆ ಹೋಗಿ ನಿಲ್ಲುತ್ತದೆ. ಸಂತೆಯಲ್ಲಿ ಇದು ಎಷ್ಟಕ್ಕೆ ಸಿಗುತ್ತದೆಂದು ಕೂಗಿದವನಿಗೂ ಗೊತ್ತು, ಕೂಗಿಸಿದವನಿಗೂ ಗೊತ್ತು. ಆದರೂ ಯಾರೂ ಮೋಸ ಹೋಗುವುದಿಲ್ಲ, ನಗುತ್ತಲೇ ಮನೆಗೆ ಹೋಗುತ್ತಾರೆ. ಮಹಾಲಿಂಗಪುರದ ಬೆಲ್ಲದ ಪೇಟೆಯ ಸವಾಲಿನಲ್ಲಿ ಇಷ್ಟು ನಗು ಇರಲಿಕ್ಕಿಲ್ಲ. ಆದರೆ ಅಲ್ಲಿಯೂ ಮಾರುವ ರೈತನಿಗೆ ತನ್ನ ಬೆಲ್ಲ ಎಂಥದೆಂದು ಚೆನ್ನಾಗಿ ಗೊತ್ತಿರುತ್ತದೆ.

ಇಂದು ನಾನು ಹೇಳಹೊರಟಿರುವುದು ಬೇರೊಂದು ಸವಾಲಿನ ಮಾತು. ಸೆಮಿನರಿಯಲ್ಲಿದ್ದಾಗಿನಿಂದ ನನಗೆ ಹಳೆಯ ನಾಣ್ಯಗಳ ಹುಚ್ಚು. ಗುರುಗಳಿಗೆ ಇದೆಂಥ ಹವ್ಯಾಸ ಎಂದು ನೀವು ಕೇಳಬಹುದು. ನನ್ನ ತಾಯಿಯೂ ಕೇಳುತ್ತಿದ್ದರು. ಬೆಂಗಳೂರು, ಮುಂಬಯಿಗಳಲ್ಲಿ ಇಂಥ ನಾಣ್ಯಗಳ ಹರಾಜು ನಡೆಯುತ್ತದೆ. ಮೊದಲೇ ಒಂದು ಪಟ್ಟಿ ಅಚ್ಚಾಗಿ ಬರುತ್ತದೆ. ಪ್ರತಿ ನಾಣ್ಯಕ್ಕೂ ಒಂದು ಸಂಖ್ಯೆ, ಒಂದು ಚಿತ್ರ, ಎಷ್ಟಕ್ಕೆ ಹೋಗಬಹುದೆಂಬ ಅಂದಾಜು. ಗೆದ್ದವರು ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್, ತೆರಿಗೆ ಎಂದು ಇನ್ನಷ್ಟು ಕೊಡಬೇಕು.

ಒಮ್ಮೆ ನಾನೂ ಹೋಗಿ ಕುಳಿತಿದ್ದೆ. ವಿಜಯನಗರದ ಒಂದು ಪುಟ್ಟ ತಾಮ್ರದ ಕಾಸಿಗೆ ಇಷ್ಟೇ, ಇದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಎಂದು ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ನೀಲಿ ಅಂಗಿಯವರೊಬ್ಬರು ಕೈ ಎತ್ತಿದರು, ನಾನೂ ಎತ್ತಿದೆ. ಅವರು ಮತ್ತೆ ಎತ್ತಿದರು. ನಾನು ಬರೆದುಕೊಂಡ ಅಂಕಿ ಯಾವಾಗಲೋ ದಾಟಿಹೋಗಿತ್ತು. ‘ಒಂದು ಸಲ, ಎರಡು ಸಲ’ ಎಂಬ ಕೂಗು ಕಿವಿಗೆ ಬೀಳುವಾಗ ನನ್ನ ಕಣ್ಣಿದ್ದದ್ದು ಕಾಸಿನ ಮೇಲಲ್ಲ, ಆ ನೀಲಿ ಅಂಗಿಯ ಬೆನ್ನಿನ ಮೇಲೆ. ಕಾಸು ನನ್ನದಾಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಅದನ್ನು ತೆಗೆದು ನೋಡುವ ಮನಸ್ಸೂ ಆಗಲಿಲ್ಲ. ಪಾಪನಿವೇದನೆಗೆ ಬರುವವರು ಸಿಟ್ಟನ್ನು ಹೇಳುತ್ತಾರೆ, ಸುಳ್ಳನ್ನು ಹೇಳುತ್ತಾರೆ, ಇಂಥದ್ದನ್ನು ಯಾರೂ ಹೇಳುವುದಿಲ್ಲ.

ಆದರೆ ಇದು ನನ್ನ ಜೇಬಿಗೆ ಬಿದ್ದ ಪೆಟ್ಟು, ಅಷ್ಟೇ. ಮನಸ್ಸನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಒಂದು ವಸ್ತುವಿನ ಬೆಲೆ ನನಗೆ ಗೊತ್ತಿದ್ದು ಮಾರುವವನಿಗೆ ಗೊತ್ತಿಲ್ಲದಿದ್ದರೆ, ನಾನು ಸುಮ್ಮನಿದ್ದು ಕೊಳ್ಳುವುದು ಸರಿಯೇ?

ಇದು ಕೇವಲ ಶ್ರೀಮಂತರ ಪ್ರಶ್ನೆ ಎನ್ನಬೇಡಿ. ನಮ್ಮ ನೆಲ ನಾಣ್ಯಗಳ ನೆಲ. ಬಾದಾಮಿಯ ಚಾಲುಕ್ಯರಿಂದ ಬಿಜಾಪುರದ ಸುಲ್ತಾನರವರೆಗೆ ಎಷ್ಟು ಅರಸು ಮನೆತನಗಳು ಈ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಸೀಮೆಯನ್ನು ಆಳಿಹೋದವು! ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿಯ ದಿನಾರಿಗಳು ದೊರೆತಿವೆ. ಪ್ರಭು ಯೇಸು ‘ಇದರ ಮೇಲಿರುವ ಮುಖ ಯಾರದು?’ ಎಂದು ಕೇಳಿದ್ದು ತಿಬೇರಿಯಸನ ಇಂಥದೇ ದಿನಾರಿಯನ್ನು ಹಿಡಿದು ಎಂದು ಅನೇಕ ಪಂಡಿತರು ಎಣಿಸುತ್ತಾರೆ. ಅಂಥ ನಾಣ್ಯ ನಮ್ಮ ಕನ್ನಡದ ಮಣ್ಣಿನಲ್ಲೂ ಮಲಗಿತ್ತೆಂದರೆ ಆಶ್ಚರ್ಯವಲ್ಲವೇ!

ಹರಾಜಿನಲ್ಲಿ ಮಾರುವವನ ಅಜ್ಞಾನಕ್ಕೆ ಒಂದು ರಕ್ಷಣೆ ಇದೆ ಎಂಬುದನ್ನು ಒಪ್ಪಬೇಕು. ಬಲ್ಲವರು ನಾಲ್ವರು ಕೂತಿದ್ದರೆ ಅವರ ಪೈಪೋಟಿಯೇ ಬೆಲೆಯನ್ನು ಮೇಲಕ್ಕೆ ಒಯ್ಯುತ್ತದೆ. ಮನೆಯ ಜಗಲಿಯ ಮೇಲೆ ಒಬ್ಬನೇ ಗಿರಾಕಿಯ ಎದುರು ಕುಳಿತವನಿಗೆ ಆ ರಕ್ಷಣೆ ಇಲ್ಲ. ಆದರೆ ನಾಣ್ಯ ಹರಾಜಿನ ಕೋಣೆಗೆ ಬಂದದ್ದು ಯಾವ ದಾರಿಯಿಂದ? ಮೊದಲು ಹೊಲದಲ್ಲೋ ಬುನಾದಿಯಲ್ಲೋ ಒಬ್ಬ ಆಳಿನ ಗುದ್ದಲಿಗೆ ತಾಗಿರುತ್ತದೆ. ಅವನು ಹೆದರಿ ಬಂದಷ್ಟಕ್ಕೆ ಕೊಟ್ಟಿರುತ್ತಾನೆ. ಆಮೇಲೆ ಕೈಯಿಂದ ಕೈಗೆ ಹೋಗಿ, ಪಟ್ಟಿಯಲ್ಲಿ ‘ಹಳೆಯ ಸಂಗ್ರಹದಿಂದ’ ಎಂಬ ಮೂರು ಅಂಗುಲದ ವಾಕ್ಯವಾಗಿ ಬಂದು ಕೂತಿರುತ್ತದೆ. ಎಲ್ಲವೂ ಹೀಗೆಯೇ ಬಂದವೆಂದು ನಾನು ಹೇಳುವುದಿಲ್ಲ. ಮೂರು ತಲೆಮಾರು ಜೋಪಾನವಾಗಿ ಕಾಯ್ದ ಸಂಗ್ರಹಗಳೂ ಇವೆ. ಕೈ ಎತ್ತುವವನಿಗೆ ಎರಡರ ವ್ಯತ್ಯಾಸ ಕಾಣುವುದಿಲ್ಲ, ಅಥವಾ ನೋಡುವ ಮನಸ್ಸಿರುವುದಿಲ್ಲ. ನೆಲದಡಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯ್ದೆ ಬಂದಿತು. ನಮ್ಮ ರಾಜ್ಯದ್ದೇ ಕಾಯ್ದೆ 1962ರದ್ದು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಬಾರದೆಂದು 1972ರ ಕಾಯ್ದೆ ಹೇಳುತ್ತದೆ. ಗುದ್ದಲಿ ಹಿಡಿದವರಿಗೆ ಇವು ಗೊತ್ತಿಲ್ಲ. ಪೊಲೀಸರ ಭಯವೊಂದು ಗೊತ್ತು.

ಹೊಲದಲ್ಲಿ ಹೂತಿಟ್ಟ ನಿಧಿಯ ಸಾಮತಿಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ. ನಿಧಿ ಕಂಡವನು ಅದನ್ನು ಮತ್ತೆ ಮುಚ್ಚಿಟ್ಟು, ಇದ್ದುದನ್ನೆಲ್ಲ ಮಾರಿ ಆ ಹೊಲವನ್ನು ಕೊಂಡ. ಸ್ವರ್ಗಸಾಮ್ರಾಜ್ಯಕ್ಕಾಗಿ ಎಲ್ಲವನ್ನೂ ಬಿಡಬೇಕೆಂಬುದು ಪ್ರಭುವಿನ ಉದ್ದೇಶ, ವ್ಯಾಪಾರದ ಪಾಠವಲ್ಲ. ಆದರೂ ಹೊಲ ಮಾರಿದವನ ನೆನಪು ನನಗೆ ಬಹಳ ವರ್ಷ ಬಂದಿರಲೇ ಇಲ್ಲ. ಸಂತ ತೋಮಾಸ್ ಅಕ್ವಿನಾಸರು ಈ ಮನುಷ್ಯನ ಬಗ್ಗೆ ಯೋಚಿಸಿದ್ದಾರೆ. ಒಡೆಯನಿಲ್ಲದ ಪ್ರಾಚೀನ ನಿಧಿ ಸಿಕ್ಕವನಿಗೆ ಸೇರುತ್ತದೆ, ಆದರೆ ನಾಡಿನ ಕಾನೂನಿನಂತೆ ಅರ್ಧವನ್ನು ಹೊಲದ ಒಡೆಯನಿಗೆ ಕೊಡಬೇಕು. ಪೂರ್ತಿ ತನಗಾಗಲೆಂದೇ ಆತ ಹೊಲವನ್ನೇ ಕೊಂಡ ಎಂದು ಅವರು ವಿವರಿಸುತ್ತಾರೆ. ಕಾನೂನಿಗೆ ತಪ್ಪಿಲ್ಲ. ಒಪ್ಪುತ್ತೇನೆ. ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ.

ಸಂತ ಅಗಸ್ತೀನರು ತ್ರಿತ್ವದ ಬಗ್ಗೆ ಬರೆದ ಗ್ರಂಥದಲ್ಲಿ ಇನ್ನೊಬ್ಬ ಮನುಷ್ಯನ ಸಂಗತಿ ಹೇಳುತ್ತಾರೆ. ನಾಟಕದವನೊಬ್ಬ ನಿಮ್ಮೆಲ್ಲರ ಮನಸ್ಸಿನಲ್ಲಿ ಏನಿದೆಯೆಂದು ಹೇಳುತ್ತೇನೆಂದು ಜನರನ್ನು ಸೇರಿಸಿ, ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವ ಆಸೆ ಇದೆ ಎಂದನಂತೆ. ಜನ ಚಪ್ಪಾಳೆ ತಟ್ಟಿದರು. ಇದು ಎಲ್ಲರ ವಿಷಯದಲ್ಲೂ ನಿಜವಲ್ಲ ಎನ್ನುತ್ತಾರೆ ಅಗಸ್ತೀನರು. ಅವರಿಗೆ ಪರಿಚಯವಿದ್ದ ಒಬ್ಬನ ಬಳಿಗೆ ಒಂದು ಹಸ್ತಪ್ರತಿ ಮಾರಾಟಕ್ಕೆ ಬಂತು. ಮಾರುವವನಿಗೆ ಅದರ ಬೆಲೆ ತಿಳಿಯದು, ಕೇಳಿದ್ದು ತೀರಾ ಕಡಿಮೆ. ಕೊಳ್ಳುವವನು ನ್ಯಾಯವಾದ ಪೂರ್ತಿ ಬೆಲೆಯನ್ನೇ ಎಣಿಸಿ ಕೊಟ್ಟ. ಬೇರೊಬ್ಬರ ಅಜ್ಞಾನವನ್ನೋ ಕಷ್ಟವನ್ನೋ ಬಳಸಿಕೊಂಡು ಬೆಲೆ ಏರಿಸುವುದನ್ನು ಧರ್ಮಸಭೆಯ ಧರ್ಮೋಪದೇಶ ಕಳ್ಳತನದ ಸಾಲಿಗೇ ಸೇರಿಸಿದೆ. ಇಳಿಸುವುದಕ್ಕೆ ಬೇರೆ ನ್ಯಾಯವಿದ್ದೀತೇ?

ಇಷ್ಟೆಲ್ಲ ಓದಿದವನ ಕಥೆ ಕೇಳಿ. ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡು ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದ ಒಬ್ಬ ಆಯಿ ಒಂದು ಸಂಜೆ ಬಂದರು. ಸೆರಗಿನ ಗಂಟು ಬಿಚ್ಚಿ, ಬಾಗಿದ ಬೆಳ್ಳಿಯ ತಂತಿಯೊಂದನ್ನು ಮೇಜಿನ ಮೇಲಿಟ್ಟರು. “ಫಾದರ್, ಇದು ಬೆಳ್ಳಿ ಹೌದಲ್ರಿ? ಅಕ್ಕಸಾಲ್ಯಾ ತೂಕದ ಲೆಕ್ಕಾ ಹಿಡದು ರೊಕ್ಕಾ ಕೊಡತೀನಿ ಅಂದಾನ. ನಿಮಗ ಇಂಥಾವ ಸೇರತಾವಂತ, ಬೇಕಾದ್ರ ನೀವ ಇಟ್ಟಕೋರಿ.”

ನೋಡಿದವರಿಗೆ ಅದು ಮೀನಿನ ಗಾಳ, ಇಲ್ಲವೇ ತಲೆಯ ಪಿನ್ನು. ನನಗೆ ಕಂಡದ್ದು ಲಾರಿ ಎಂಬ ನಾಣ್ಯ. ಪರ್ಷಿಯಾದ ಲಾರ್ ಪಟ್ಟಣದಿಂದ ಆ ಹೆಸರು ಬಂತು. ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಓಡಾಡಿದ ಹಣ. 1656ರಿಂದ 1672ರವರೆಗೆ ಬಿಜಾಪುರವನ್ನು ಆಳಿದ ಎರಡನೆಯ ಅಲಿ ಆದಿಲ್‌ಶಾಹನ ಹೆಸರಿನ ಲಾರಿಗಳಿವೆ. ತೂಕ ಸುಮಾರು 5 ಗ್ರಾಂ. ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹಲವು ಪಟ್ಟು ಕೊಡುತ್ತಾರೆ. ಇದೆಲ್ಲ ಒಂದೇ ಕ್ಷಣದಲ್ಲಿ ನನಗೆ ಹೊಳೆಯಿತು. ಬಾಯಿಂದ ಬಂದದ್ದು ಮಾತ್ರ, “ಎರಡು ದಿನ ಇರಲಿ ಆಯಿ, ನೋಡೋಣ.”

ಸುಳ್ಳು ಹೇಳಲಿಲ್ಲ ನಿಜ. ಎರಡು ರಾತ್ರಿ ಅದು ನನ್ನ ಮೇಜಿನ ಖಾನೆಯಲ್ಲಿತ್ತು. ಮೊದಲ ರಾತ್ರಿ ದೀಪದ ಕೆಳಗೆ ಹಿಡಿದು ಅಕ್ಷರ ಓದಲು ಹೆಣಗಿದೆ. ಎರಡನೆಯ ರಾತ್ರಿ, ತೂಕದ ಮೇಲೆ ಒಂದು ನೂರು ರೂಪಾಯಿ ಹೆಚ್ಚು ಕೊಟ್ಟರೆ ಆಯಿ ಎಷ್ಟು ಸಂತೋಷಪಟ್ಟಾರು ಎಂದು ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ಅವರ ಸಂತೋಷವೂ ನನ್ನ ಲಾಭವೂ ಎಷ್ಟು ಸಲೀಸಾಗಿ ಕೂಡಿಕೊಂಡವೆಂದರೆ, ನನಗೇ ಭಯವಾಯಿತು.

ಮೂರನೆಯ ದಿನ ಅವರನ್ನು ಕರೆಸಿ ಎಲ್ಲವನ್ನೂ ಹೇಳಿದೆ. ನೆಲದಲ್ಲಿ ಸಿಕ್ಕಿತೇ ಎಂದು ಕೇಳಿದೆ. “ಇಲ್ರಿ, ನಮ್ಮ ಅತ್ತೀ ಪೆಟ್ಟಿಗ್ಯಾಗ ಇತ್ತು. ಊರು ಬಿಡೂ ಮುಂದ ಸಿಕ್ಕತು.” ಹಾಗಾದರೆ ಅದು ಅವರದೇ ಸೊತ್ತು. ಹರಾಜಿಗೆ ಕಳುಹಿಸುವ ದಾರಿ ತಿಳಿಸಿದೆ, ಕಳುಹಿಸಿದರೆ ನಾನು ಮಾತ್ರ ಅದಕ್ಕೆ ಕೂಗುವುದಿಲ್ಲ ಎಂದೂ ಹೇಳಿದೆ. ಆಯಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. “ಮನ್ನೀನ ಹೇಳಬೇಕಿತ್ತಲ್ರಿ ಫಾದರ್” ಎಂದರು. ನಾನು ಉತ್ತರ ಕೊಡಲಿಲ್ಲ. ಅವರು ಲಾರಿಯನ್ನು ಸೆರಗಿಗೆ ಮತ್ತೆ ಗಂಟು ಹಾಕಿಕೊಂಡು, ಮೊಮ್ಮಗಳ ಶಾಲೆಯ ಫೀಸು ಜೂನದಾಗ ಬರತೈತಿ, ಆವಾಗ ನೋಡೂನು ಎನ್ನುತ್ತ ಎದ್ದು ಹೋದರು.

ಜೂನ್ ಕಳೆದ ಮೇಲೆ ಬಂದ ಪಟ್ಟಿಯಲ್ಲಿ ಬಿಜಾಪುರದ ಒಂದು ಲಾರಿಯ ಚಿತ್ರವಿತ್ತು. ಕೆಳಗೆ ಅದೇ ವಾಕ್ಯ, ‘ಹಳೆಯ ಸಂಗ್ರಹದಿಂದ’. ಆಯಿಯದೋ ಬೇರೆಯದೋ ಹೇಳಲಾರೆ. ದೀಪದ ಕೆಳಗೆ ಅಷ್ಟು ಹೊತ್ತು ನೋಡಿದರೂ ನನಗೆ ಗುರುತು ಸಿಗಲಿಲ್ಲ. ಪೆನ್ಸಿಲನ್ನು ಕೆಳಗಿಟ್ಟೆ. ಭಾನುವಾರಗಳಂದು ಅವರು ಈಗಲೂ ಮೂರನೆಯ ಸಾಲಿನಲ್ಲಿ ಕೂರುತ್ತಾರೆ. ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.